ಏಳು ಕುಳಿ, ಎಂಟು ಸದ್ದು

ತೀರ್ಪು ಓದಲು ಹನ್ನೊಂದು ನಿಮಿಷ ಹಿಡಿಯಿತು. ಮೊದಲ ಹತ್ತು ನಿಮಿಷ ಭಾವನಿಗೆ ತಲೆಬುಡ ತಿಳಿಯಲಿಲ್ಲ. ಹನ್ನೊಂದನೆಯ ನಿಮಿಷದಲ್ಲಿ ‘ವಜಾ’ ಎಂಬ ಪದ ಬಂತು. ಅದು ತಿಳಿಯಿತು. ಎದ್ದು ನಿಂತ. ಕಣ್ಣುಗಳಿದ್ದ ಕಡೆ ಸುಕ್ಕುಗಟ್ಟಿದ ಚರ್ಮವಷ್ಟೇ ಉಳಿದಿದ್ದ ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, “ಎಲ್ಲಿದಾನೆ ಅವನು?” ಎಂದ.

‘ಅವನು’ ಎಂದರೆ ಕಿವಿಯಣ್ಣ. ಭಾವನ ಹೆಂಡತಿಯ ಒಡಹುಟ್ಟಿದ ತಮ್ಮ. ರಸ್ತೆ ಇಲಾಖೆಯ ಕಲ್ಲುಕ್ವಾರಿಯಲ್ಲಿ ಸಿಡಿತಗಳನ್ನು ಎಣಿಸುವ ನೌಕರ. ಹಿಂದಿನ ಬೆಂಚಿನಲ್ಲಿ ಕೂತಿದ್ದವನು ಬಾಯಿ ಮುಚ್ಚಿಕೊಂಡು ಹೊರಟುಹೋಗಿದ್ದರೆ ಅವತ್ತು ಅವನ ಹಲ್ಲು ಉಳಿಯುತ್ತಿತ್ತು. ಆದರೆ ಕೋರ್ಟಿನ ಪಡಸಾಲೆ ಮುಗಿಯುವಲ್ಲಿ ಮೂರು ಮೆಟ್ಟಿಲುಗಳಿದ್ದವು, ಅಕ್ಕ ಕಣ್ಣೊರೆಸಿಕೊಳ್ಳಲು ಗಂಡನ ತೋಳು ಬಿಟ್ಟಿದ್ದಳು.

“ಭಾವ, ಮೆಟ್ಟಿಲು. ನೋಡ್ಕೊಂಡು ಇಳೀರಿ” ಎಂದುಬಿಟ್ಟ.

“ನೋಡ್ಕೊಂಡಾ?” ಎಂದ ಭಾವ. “ನೋಡ್ಕೊಂಡು ಇಳೀಬೇಕೇನೋ ನಾನು?”

ದನಿ ಬಂದ ದಿಕ್ಕಿಗೆ ಹಾರಿದ. ಅವನ ಬಲಗೈ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಮುಗಿಯುತ್ತಿತ್ತು, ಎಡಗೈ ಮಣಿಕಟ್ಟಿನಲ್ಲಿ. ಎರಡು ವರ್ಷದಲ್ಲಿ ಆ ಮೊಂಡು ತುದಿಗಳು ಒನಕೆಯಂತೆ ಗಟ್ಟಿಯಾಗಿದ್ದವು. ಮೊದಲ ಕುಟ್ಟು ಕಿವಿಯಣ್ಣನ ಬಾಯಿಗೆ, ಎರಡನೆಯದು ಗಂಟಲಿಗೆ. ಇಬ್ಬರೂ ಮೂರೂ ಮೆಟ್ಟಿಲು ಉರುಳಿದರು. ಭಾವ ಅವನ ಎದೆಯ ಮೇಲೆ ಕೂತು ಕುಟ್ಟಿಯೇ ಕುಟ್ಟಿದ. ಗುರಿ ತಪ್ಪಿದ ಏಟುಗಳು ನೆಲಕ್ಕೆ ಬಿದ್ದು ಮೊಂಡಿನ ಚರ್ಮ ಒಡೆದು, ಯಾವ ರಕ್ತ ಯಾರದು ಎಂದು ಬಿಡಿಸಿ ಹೇಳಲಾಗದಂತಾಯಿತು. ಇಬ್ಬರು ಪೊಲೀಸರು ಭಾವನನ್ನು ಕಂಕುಳಿಗೆ ಕೈಹಾಕಿ ಎಳೆದರು.

ನಲ್ಲಿಯ ಬಳಿ ಕಿವಿಯಣ್ಣ ಹಲ್ಲನ್ನು ಅಂಗೈಗೆ ಉಗುಳಿ, “ಅಕ್ಕಾ, ನಾನು ಸುಳ್ಳು ಹೇಳಿಲ್ಲ. ಒಂಬತ್ತು ಕೇಳಿದ್ದೆ” ಎಂದ.

“ಆ ಒಂಬತ್ತನ್ನ ನೀನೇ ಇಟ್ಕೊ” ಎಂದಳು ಅಕ್ಕ. “ಊರಿಗೆ ಉಪಕಾರಿ, ಮನೆಗೆ ಮಾರಿ.”

ಆ ಒಂಬತ್ತರ ಮೇಲೆಯೇ ಇಡೀ ತೀರ್ಪು ನಿಂತಿತ್ತು. ಬಂಡೆಯಲ್ಲಿ ಕೊರೆದ ಒಂಬತ್ತು ಕುಳಿಗೆ ಸಿಡಿಮದ್ದು ತುಂಬಿತ್ತು, ಒಂಬತ್ತೂ ಸಿಡಿದವೆಂದು ಎಣಿಕೆಯ ನೌಕರ, ಅದೂ ಗಾಯಾಳುವಿನ ಸ್ವಂತ ಭಾವಮೈದ, ಪ್ರಮಾಣ ಮಾಡಿ ಹೇಳಿದ್ದಾನೆ. ಅಂದಮೇಲೆ ಸಿಡಿಯದೆ ಉಳಿದ ಕುಳಿ ಇರಲಿಲ್ಲ. ಗಾಯಾಳು ನಿಯಮ ಮೀರಿ ಸಿಡಿದ ಹಳೆಯ ಕುಳಿಯ ತಳದಲ್ಲೇ ಡ್ರಿಲ್ಲು ಇಟ್ಟು, ಅಲ್ಲಿ ಉಳಿದ ಚೂರುಪಾರು ಮದ್ದನ್ನು ಕೆಣಕಿರಬೇಕು. ತಪ್ಪು ಅವನದೇ, ಸರ್ಕಾರದ್ದಲ್ಲ; ಪರಿಹಾರವಿಲ್ಲ. ಹಳೆಯ ಕುಳಿಯಿಂದ ಒಂದು ಮೊಳ ದೂರದಲ್ಲಿ ಹೊಸ ತೂತು ಕೊರೆಯುತ್ತಿದ್ದೆ ಎಂದು ಭಾವ ಎಷ್ಟು ಸಲ ಹೇಳಿದರೂ ಸಾಕ್ಷಿ ಇರಲಿಲ್ಲ. ಆ ಜಾಗ ಅವನ ಕಣ್ಣಿನ ಜೊತೆಗೇ ಹಾರಿಹೋಗಿತ್ತು.

ಕ್ವಾರಿಯಲ್ಲಿ ಎಣಿಸುವ ಕ್ರಮ ಹೀಗಿತ್ತು. ಮೇಸ್ತ್ರಿ ಎಷ್ಟು ಕುಳಿಗೆ ಮದ್ದು ತುಂಬುತ್ತಾನೋ ಅಷ್ಟು ಕಲ್ಲಿನ ಹರಳುಗಳನ್ನು ಎಣಿಕೆಯವನ ಎಡಗೈಗೆ ಹಾಕುತ್ತಾನೆ. ಬತ್ತಿಗಳನ್ನು ಒಂದಕ್ಕಿಂತ ಒಂದು ಬೆರಳಗಲ ಉದ್ದವಾಗಿ ಕತ್ತರಿಸಿರುವುದರಿಂದ ಕುಳಿಗಳು ಒಟ್ಟಿಗೆ ಸಿಡಿಯುವುದಿಲ್ಲ. ಸೆಕೆಂಡಿಗೋ ಒಂದೂವರೆ ಸೆಕೆಂಡಿಗೋ ಒಂದರಂತೆ ಸಿಡಿಯುತ್ತವೆ. ಎಣಿಕೆಯವನು ತಗಡಿನ ಮರೆಗೂಡಿನಲ್ಲಿ ಕೂತು ಒಂದು ಸದ್ದಿಗೆ ಒಂದು ಹರಳು ಕೆಳಗೆ ಬಿಡಬೇಕು. ಬಾಯಲ್ಲಿ ಎಣಿಸುವಂತಿಲ್ಲ. ಬಾಯಿ ಹೆದರುತ್ತದೆ, ತೊದಲುತ್ತದೆ, ಒಂದನ್ನು ಎರಡು ಸಲ ಹೇಳುತ್ತದೆ. ಹರಳಿಗೆ ಆ ಚಪಲವಿಲ್ಲ. ಕೈ ಖಾಲಿಯಾದರೆ ಸೀಟಿ ಊದಬೇಕು, ಕೆಲಸಗಾರರು ಒಳಗೆ ಹೋಗಬಹುದು. ಒಂದು ಹರಳು ಉಳಿದರೂ ಅರ್ಧ ಗಂಟೆ ಯಾರೂ ಅಲುಗಾಡುವಂತಿಲ್ಲ. ಆಮೇಲೆ ಕಲ್ಲುಪುಡಿ ಸರಿಸಿ ಸಿಡಿಯದ ಕುಳಿಯನ್ನು ಹುಡುಕಬೇಕು.

ಹತ್ತೊಂಬತ್ತು ವರ್ಷ ಅವನು ಹಾಗೆ ಎಣಿಸಿದ್ದ. ಇಲಿ ಆಕಳಿಸಿದರೂ ಅವನಿಗೆ ಕೇಳುತ್ತದೆಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಹೆಸರು ಬಂದದ್ದೂ ಹಾಗೆಯೇ.

ಎರಡು ವರ್ಷದ ಹಿಂದಿನ ಆ ಬೆಳಿಗ್ಗೆ ಬಂಡೆಯ ಪಡುವಣ ಮುಖದಲ್ಲಿ, ಅಂದರೆ ಕಲ್ಲು ಒಡೆಯುವ ಪಶ್ಚಿಮದ ಮಗ್ಗುಲಲ್ಲಿ, ಒಂಬತ್ತು ಕುಳಿ. ಒಂಬತ್ತು ಹರಳೂ ಬಿದ್ದವು. ಸೀಟಿ ಊದಿದ. ಎಂದಿನಂತೆ ಭಾವನೇ ಎಲ್ಲರಿಗಿಂತ ಮೊದಲು ಡ್ರಿಲ್ಲು ಹೊತ್ತು ಹೊರಟ. “ಕಿವಿ ತೊಳ್ಕೊಂಡು ಬಂದಿದೀಯ ತಾನೇ ಭಾವಮೈದ?” ಎಂದು ರೇಗಿಸಿಯೇ ಹೋದ. ಕಾಲು ಗಂಟೆಯ ಮೇಲೆ ಕಂಪ್ರೆಸರಿನ ಗದ್ದಲವನ್ನು ಸೀಳಿಕೊಂಡು ಒಂದು ಸಿಡಿತ ಬಂತು. ಕಿವಿಯಣ್ಣ ಓಡಿದ. ಹೊಗೆಯೊಳಗೆ ಭಾವ ನಿಂತೇ ಇದ್ದ. ಬಿದ್ದಿದ್ದರೆ ನೋಡಬಹುದಿತ್ತು. ನಿಂತುಕೊಂಡು, ಮುಖಕ್ಕೆ ಬಡಿದ ಪುಡಿಯನ್ನು ಒರೆಸಲು ಮತ್ತೆ ಮತ್ತೆ ತೋಳೆತ್ತುತ್ತಿದ್ದ. ತೋಳಿನ ತುದಿಯಲ್ಲಿ ಕೈ ಇರಲಿಲ್ಲ. ಬಿಳಿಯ ಮೂಳೆ, ಅದರಿಂದ ಚಿಮ್ಮುವ ರಕ್ತ ತಿರುಗಿ ಅವನ ಮುಖಕ್ಕೇ ಬೀಳುತ್ತಿತ್ತು. ಡ್ರಿಲ್ಲಿನ ಸಲಾಕೆ ಹತ್ತು ಮಾರು ಆಚೆ ಕಂಪ್ರೆಸರಿನ ಟೈರಿಗೆ ನಾಟಿಕೊಂಡು ಇನ್ನೂ ನಡುಗುತ್ತಿತ್ತು. ಕಿವಿಯಣ್ಣ ತನ್ನ ಬೆಲ್ಟು ಬಿಚ್ಚಿ ಒಂದು ತೋಳಿಗೆ, ಇನ್ನೊಬ್ಬನ ಬೆಲ್ಟು ಕಿತ್ತು ಇನ್ನೊಂದಕ್ಕೆ, ಹಲ್ಲು ಕಚ್ಚಿ ಬಿಗಿದ. ಭಾವ ಬದುಕಿದ್ದು ಅದರಿಂದ ಎಂದು ಡಾಕ್ಟರು ಹೇಳಿದರು. ಆ ಮಾತನ್ನು ಭಾವ ಅವನ ಮೇಲಿನ ಇನ್ನೊಂದು ದೂರಾಗಿ ಇಟ್ಟುಕೊಂಡ.

ಅವತ್ತಿನಿಂದ ಪಡುವಣ ಮುಖಕ್ಕೆ ಬೇಲಿ ಬಿತ್ತು. ಕೇಸು ನಡೆಯುವಷ್ಟು ಕಾಲ ಬೇರೆ ಕಡೆ ಕಲ್ಲು ಒಡೆದರು. ತೀರ್ಪು ಬಂತು, ಸರ್ಕಾರ ಗೆದ್ದಿತು; ಎರಡು ತಿಂಗಳಲ್ಲಿ ಇಂಜಿನಿಯರ್ ಸಾಹೇಬರು ಬೇಲಿ ಕೀಳಿಸಿದರು.

ಬೇಲಿ ಕಿತ್ತ ಮೇಲಿನ ಮೊದಲ ದಿನ ಮೇಸ್ತ್ರಿ ಪಡುವಣ ಮುಖದಲ್ಲಿ ಏಳು ಕುಳಿ ತುಂಬಿದ. ಏಳು ಹರಳು ಕೊಟ್ಟ. ಕಿವಿಯಣ್ಣ ಅದೇ ಹಳೆಯ ಮರೆಗೂಡಿನಲ್ಲಿ ಕೂತ. ಒಂದು, ಎರಡು, ಮೂರು ಬಿದ್ದವು. ಏಳನೆಯದೂ ಬಿತ್ತು. ಅಂಗೈ ಬರಿದಾಯಿತು. ಸೀಟಿಯನ್ನು ತುಟಿಗಿಟ್ಟ.

ಆಗ ಇನ್ನೊಂದು ಸಿಡಿಯಿತು.

ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಬಿಡಲು ಏನೂ ಇರಲಿಲ್ಲ. ಕಿವಿಯಣ್ಣ ತನ್ನ ಖಾಲಿ ಕೈಯನ್ನು ನೋಡುತ್ತ ಕೂತ. ಏಳು ಕುಳಿ ಎಂಟು ಸಲ ಸಿಡಿಯಲಾರವು. ಕೆಳಗೆ ಬಿದ್ದ ಹರಳುಗಳನ್ನು ಆಯ್ದು ಎಣಿಸಿದ: ಏಳು. ಹೋಗಿ ಕುಳಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ: ಏಳೂ ಸಿಡಿದಿದ್ದವು. ಹಾಗಾದರೆ ಒಂದು ಸದ್ದು ಎಲ್ಲಿಂದಲೋ ಪುಕ್ಕಟೆಯಾಗಿ ಬಂದಿತ್ತು. ಇವತ್ತು ಪುಕ್ಕಟೆ ಬಂದದ್ದು ಅವತ್ತೂ ಬಂದಿದ್ದರೆ?

ಸಂಜೆ ಎಲ್ಲರೂ ಹೋದ ಮೇಲೆ ಒಂದು ಉದ್ದನೆಯ ಹಗ್ಗ ಹಿಡಿದು ಮತ್ತೆ ಬಂದ.

ವಾರದ ರಜೆಯ ಬೆಳಿಗ್ಗೆ ಅಕ್ಕನ ಮನೆ ಬಾಗಿಲಿಗೆ ಹೋದ. ಭಾವ ಒಳಗೆ ಮಲಗಿದ್ದ. ಅಕ್ಕ ಬಾಗಿಲು ಮುಚ್ಚಲು ಬಂದಾಗ ಬಾಗಿಲ ಸಂದಿಗೆ ಕಾಲು ಕೊಟ್ಟ. ಅವಳು ತಳ್ಳಿದಳು, ಪಾದದ ಮೂಳೆ ಲಟಕ್ ಎಂದರೂ ಅವನು ಕಾಲು ತೆಗೆಯಲಿಲ್ಲ.

“ಒಂದು ಗಂಟೆ ನನ್ನ ಜೊತೆ ಬಾ ಅಕ್ಕ. ಆಮೇಲೆ ಜನ್ಮದಲ್ಲಿ ಈ ಕಡೆ ತಲೆ ಹಾಕಲ್ಲ.”

ಕ್ವಾರಿಯಲ್ಲಿ ನರಪಿಳ್ಳೆ ಇರಲಿಲ್ಲ. ಅಕ್ಕನನ್ನು ಮರೆಗೂಡಿನಲ್ಲಿ ಕೂರಿಸಿ, ಕೈಗೆ ನಾಲ್ಕು ಹರಳು ಕೊಟ್ಟು, “ಕಣ್ಣು ಮುಚ್ಕೊ. ಒಂದು ಸದ್ದಿಗೆ ಒಂದು ಹರಳು ಬಿಡು. ಯೋಚನೆ ಮಾಡ್ಬೇಡ” ಎಂದ. ಪಡುವಣ ಮುಖದ ತೆಂಕು ಮೂಲೆಗೆ ಹೋಗಿ ಒಂದು ಕಬ್ಬಿಣದ ಹಲಗೆ ನಿಲ್ಲಿಸಿ, ದೊಡ್ಡ ಸುತ್ತಿಗೆಯಿಂದ ಒಂದೇ ಏಟು ಹೊಡೆದ. ಸ್ವಲ್ಪ ಬಿಟ್ಟು ಇನ್ನೊಂದು. ಸುತ್ತಿಗೆ ಬಿಸಾಡಿ ಓಡಿಬಂದ.

ಅಕ್ಕನ ಕೈ ಬರಿದಾಗಿತ್ತು. ಕಾಲ ಬಳಿ ನಾಲ್ಕು ಹರಳು.

“ಎಷ್ಟು ಸಲ ಹೊಡೆದೆ?” ಎಂದಳು.

“ಎರಡು.”

ಅವನು ಎದುರಿನ ಗೋಡೆಯನ್ನು ತೋರಿಸಿದ. ಮೊದಲು ಅದು ಪೊದೆ ಬೆಳೆದ ಮಣ್ಣಿನ ದಿಬ್ಬ. ಅನಾಹುತವಾಗುವ ತಿಂಗಳ ಮುಂಚೆ ಇಲಾಖೆ ಅದನ್ನು ಬರಿಬಂಡೆಯ ತನಕ ಕೆತ್ತಿಸಿತ್ತು. ಬಂಡೆ ಬೋಗುಣಿಯ ಒಳಮೈಯಂತೆ ಬಾಗಿ ನುಣುಪಾಗಿ ನಿಂತಿತ್ತು. ಬೋಗುಣಿಯ ಆಕಾರಕ್ಕೆ ಒಂದು ಗುಣವಿದೆ: ಒಂದು ನಿರ್ದಿಷ್ಟ ಜಾಗದಲ್ಲಿ ಹುಟ್ಟಿದ ಸದ್ದನ್ನೆಲ್ಲ ಗುಡಿಸಿ ತಂದು ಇನ್ನೊಂದು ನಿರ್ದಿಷ್ಟ ಜಾಗದಲ್ಲಿ ಸುರಿಯುತ್ತದೆ. ಇಲ್ಲಿ ಮೊದಲನೆಯ ಜಾಗ ತೆಂಕು ಮೂಲೆ. ಎರಡನೆಯದು ಈ ಮರೆಗೂಡು. ನಾಲ್ಕು ಹೆಜ್ಜೆ ಆಚೆ ನಿಂತರೆ ಮಂಕು ಮರುದನಿ, ಅದು ಮರುದನಿಯೆಂದು ಯಾರಿಗಾದರೂ ತಿಳಿಯುತ್ತದೆ. ಗೂಡಿನೊಳಗೆ ಮಾತ್ರ ಅದು ಮೂಲದಷ್ಟೇ ಗಟ್ಟಿ. ಅವನು ದಾರಿಗಳನ್ನು ಹಗ್ಗ ಹಿಡಿದು ಅಳೆದಿದ್ದ. ಮೂಲೆಯಿಂದ ಗೂಡಿಗೆ ನೇರವಾಗಿ ನೂರಿಪ್ಪತ್ತು ಮೀಟರು. ಗೋಡೆಗೆ ಬಡಿದು ಬರುವ ದಾರಿ ಮುನ್ನೂರ ಎಂಬತ್ತು. ವ್ಯತ್ಯಾಸ ಇನ್ನೂರ ಅರವತ್ತು ಮೀಟರು, ಅಂದರೆ ಮುಕ್ಕಾಲು ಸೆಕೆಂಡು. ಇನ್ನೊಂದು ಕುಳಿ ಸಿಡಿಯಿತೆಂದು ಕೈ ನಂಬುವುದಕ್ಕೆ ಅಷ್ಟು ಸಾಕು.

“ದಿಬ್ಬ ಕೆತ್ತಿದ ಮೇಲೆ ಆ ಮೂಲೇಲಿ ಕುಳಿ ತುಂಬಿದ್ದು ಅವತ್ತೇ ಮೊದಲು. ಮೂಲೆ ಕುಳಿ ಸಿಡಿದು ಎರಡು ಸದ್ದಾಯ್ತು. ನಾಲ್ಕನೇದು ಸಿಡೀಲೇ ಇಲ್ಲ. ಭಾವ ಡ್ರಿಲ್ಲು ಇಟ್ಟಿದ್ದು ನಾಲ್ಕನೇದರ ಪಕ್ಕ. ಎಂಟು ಸಿಡಿತ, ಒಂಬತ್ತು ಸದ್ದು. ನಾನು ಸೀಟಿ ಊದಿದೆ ಅಕ್ಕ.”

ಅಕ್ಕ ಬಗ್ಗಿ ಹಿಡಿಗಾತ್ರದ ಜಲ್ಲಿಕಲ್ಲು ಎತ್ತಿಕೊಂಡು ಅವನ ಹಣೆಗೆ ಹೊಡೆದಳು. ಎಸೆಯಲಿಲ್ಲ; ಕೈಯಲ್ಲೇ ಹಿಡಿದು ಹೊಡೆದಳು. ಅವನು ಮಂಡಿಯೂರಿದ. ಇನ್ನೊಂದು ಸಲ ಎತ್ತಿದ ಕಲ್ಲನ್ನು ಮಾತ್ರ ಅವಳು ಗೋಡೆಯ ಕಡೆಗೆ ಬೀಸಿದಳು, ಅಷ್ಟು ದೂರ ಹೋಗುವುದಿಲ್ಲವೆಂದು ಗೊತ್ತಿದ್ದರೂ.

“ನಡಿ” ಎಂದಳು. “ಅವರಿಗೆ ನೀನೇ ಹೇಳು. ಸತ್ರೆ ಅಲ್ಲೇ ಸಾಯಿ.”

ಭಾವ ಗೋಡೆಗೆ ಒರಗಿ ಕೂತು ಪೂರ್ತಿ ಕೇಳಿಸಿಕೊಂಡ. ಒಂದೇ ಪ್ರಶ್ನೆ ಕೇಳಿದ: “ಯಾವುದು ಸಿಡೀಲಿಲ್ಲ?”

“ನಾಲ್ಕನೇದು, ಭಾವ.”

“ಹೂಂ. ಅದರಿಂದ ಒಂದು ಮೊಳ ಬಿಟ್ಟು ಇಟ್ಟಿದ್ದೆ. ಕುಳಿ ಒಳಗೆ ಓರೆಯಾಗಿ ನನ್ನ ಡ್ರಿಲ್ಲಿನ ಕಡೆಗೇ ಇಳಿದಿತ್ತು.” ಉಸಿರು ಜೋರಾಯಿತು. “ಹತ್ರ ಬಾ.”

ಕಿವಿಯಣ್ಣ ಹತ್ತಿರ ಹೋದ. ಭಾವ ಮೊಂಡು ತೋಳಿನಿಂದ ಅವನ ಮುಖ ತಡವಿದ. ಹಣೆಯ ಹಸಿರಕ್ತ ತಾಗಿತು. “ಇದು ಯಾರ ಕೆಲಸ? ಇವಳದಾ? ನನಗೆ ಒಂದು ಜಾಗಾನಾದ್ರೂ ಉಳಿಸಿದಾಳಾ?” ಎಂದ. ಮರುಗಳಿಗೆ ತಲೆಯನ್ನೇ ಬೀಸಿ ಅವನ ಮೂಗಿಗೆ ಗುದ್ದಿದ. ಮೂಗು ಮುರಿದ ಸದ್ದು ಮೂವರಿಗೂ ಕೇಳಿಸಿತು.

“ಕೋರ್ಟಲ್ಲಿ ಹೊಡೆದಿದ್ದು ಸುಳ್ಳು ಹೇಳ್ದೆ ಅಂತ. ಅದು ತಪ್ಪಾಯ್ತು, ವಾಪಸ್ ತಗೊಂಡೆ” ಎಂದ ಭಾವ ಏದುಸಿರು ಬಿಡುತ್ತ. “ಇದು ತಪ್ಪು ಎಣಿಸಿದ್ದಕ್ಕೆ. ಇನ್ನೂ ಇದೆ. ಮೊದಲು ಅಪೀಲಿಗೆ ಎಷ್ಟು ದಿನ ಉಳಿದಿದೆ, ಅದು ಹೇಳು.”

ಹನ್ನೊಂದು ದಿನ ಉಳಿದಿತ್ತು.

ಭಾವನ ವಕೀಲೆ ಮೂವರನ್ನೂ, ಅದರಲ್ಲೂ ಕಿವಿಯಣ್ಣನ ಮುಖವನ್ನು, ಕನ್ನಡಕದ ಮೇಲಿಂದ ನೋಡಿದರು. “ಇವರಿಗೆ ಹೀಗೆ ಮಾಡಿದ್ದು ಇಲಾಖೆಯವರಾ?”

“ಇಲ್ಲ ಮೇಡಂ, ಮನೆಯವರು.”

ಅವರು ಎಲ್ಲ ಬರೆದುಕೊಂಡರು. ಅಪೀಲಿನಲ್ಲಿ ಹೊಸ ಸಾಕ್ಷಿ ಸೇರಿಸುವುದು ಸುಲಭವಲ್ಲ. ಮೊದಲೇ ಯಾಕೆ ತರಲಿಲ್ಲ ಎಂದು ನ್ಯಾಯಾಧೀಶರು ಕೇಳುತ್ತಾರೆ. “ಬೇಲಿ ಹಾಕಿದ್ದು ಅವರೇ, ಕಿತ್ತಿದ್ದೂ ಅವರೇ. ಬೇಲಿ ಇರೋವಾಗ ಅಲ್ಲಿ ಕುಳಿ ಸಿಡಿಸ್ಲಿಲ್ಲ, ಹಾಗಾಗಿ ತಿಳೀಲಿಲ್ಲ. ಈ ಉತ್ತರ ನಿಲ್ಲುತ್ತೆ” ಎಂದರು. ಪೆನ್ನು ಕೆಳಗಿಟ್ಟು ಕಿವಿಯಣ್ಣನತ್ತ ತಿರುಗಿದರು. “ನೀವು ಪ್ರಮಾಣ ಮಾಡಿ ಒಂಬತ್ತು ಅಂದಿದೀರಿ. ಈಗ ಎಂಟು ಅಂತ ಸಹಿ ಹಾಕ್ತೀರಿ. ಕೆಲಸ ಹೋಗುತ್ತೆ. ಸುಳ್ಳು ಸಾಕ್ಷಿ ಅಂತ ನಿಮ್ಮ ಮೇಲೇ ಕೇಸು ಹಾಕಬಹುದು.”

“ಒಂಬತ್ತು ಕೇಳಿದ್ದು ನಿಜ ಮೇಡಂ. ಈಗಲೂ ಅದನ್ನೇ ಹೇಳ್ತೀನಿ. ಒಂಬತ್ತು ಸಿಡೀಲಿಲ್ಲ ಅನ್ನೋದನ್ನ ಸೇರಿಸ್ತೀನಿ.”

“ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ” ಎಂದರು ವಕೀಲೆ. “ಬಾಯಿರೋ ಗೋಡೆ ಇದೇ ಮೊದಲು.”

ಅಪೀಲು ದಾಖಲಾಯಿತು. ಮೊದಲ ದಿನವೇ ನ್ಯಾಯಾಧೀಶರು ವಯಸ್ಸಾದ ವಕೀಲರೊಬ್ಬರನ್ನು ಕಮಿಷನರಾಗಿ ನೇಮಿಸಿ, ಎಂಟು ದಿನದೊಳಗೆ ಕ್ವಾರಿಗೆ ಹೋಗಿ, ಮೂಲೆಯಲ್ಲಿ ಒಂಟಿ ಕುಳಿ ಸಿಡಿಸಿ, ಗೂಡಿನಲ್ಲಿ ಕೂತು ಎಷ್ಟು ಸದ್ದು ಕೇಳುತ್ತದೆಂದು ವರದಿ ಕೊಡಲು ಹೇಳಿದರು. ಅವತ್ತೇ ಸಂಜೆ ಕಿವಿಯಣ್ಣನನ್ನು ಇಲಾಖೆ ಅಮಾನತು ಮಾಡಿತು. ಮೇಸ್ತ್ರಿ ಅವನ ಕೊರಳಿನ ಸೀಟಿಯನ್ನು ದಾರ ಸಮೇತ ಕಿತ್ತುಕೊಂಡ. ದಾರ ಹರಿಯುವ ಮುಂಚೆ ಕೊರಳನ್ನು ಕೊಯ್ದಿತು.

ಎಂಟನೆಯ ದಿನದ ಬೆಳಿಗ್ಗೆ ಹಳೆಯ ಡ್ರಿಲ್ಲರೊಬ್ಬ ಸೈಕಲ್ಲಿನಲ್ಲಿ ಹಾದುಹೋಗುತ್ತ, ನಿಲ್ಲಿಸದೆ ಹೇಳಿದ: “ಗೋಡೆಗೆ ನಲವತ್ತು ಕುಳಿ ಕೊರ್ದಾಯ್ತು ಕಿವಿಯಣ್ಣ. ಇವತ್ತು ಹತ್ತು ಗಂಟೆಗೆ ಬತ್ತಿ.”

ಕಮಿಷನರು ಬರುವುದು ಹನ್ನೆರಡಕ್ಕೆ. ಗೋಡೆ ಹೋದರೆ ಎರಡನೆಯ ಸದ್ದೂ ಹೋಯಿತು. ಒಂಟಿ ಕುಳಿ ಒಂದೇ ಸಲ ಸಿಡಿಯುತ್ತದೆ. ಆಮೇಲೆ ಕಿವಿಯಣ್ಣ ಸುಳ್ಳ, ಭಾವ ತಪ್ಪಿತಸ್ಥ, ಅಪೀಲು ಕಸ. ವಕೀಲೆಗೆ ಫೋನು ಮಾಡಲು ಅಕ್ಕನಿಗೆ ಹೇಳಿ ಅವನು ಓಡಿದ.

ಅವನಿಗೆ ಗೊತ್ತಿದ್ದ ಒಂದೇ ಆಯುಧ ಕ್ವಾರಿಯ ಮೊದಲ ನಿಯಮ: ಬಂಡೆಯ ಮುಖದ ಮೇಲೆ ಮನುಷ್ಯನಿದ್ದರೆ ಬತ್ತಿಗೆ ಬೆಂಕಿ ಇಲ್ಲ. ಹಿಂದಿನ ಇಳಿಜಾರಿನಿಂದ ಹತ್ತಿ, ಗೋಡೆಯ ನಡುಮಟ್ಟದ ಅಂಚಿಗೆ ಇಳಿದು ಕೂತ. ಕಾಲ ಕೆಳಗೆ ನಲವತ್ತು ಬತ್ತಿಗಳು ಇಲಿಬಾಲಗಳಂತೆ ನೇತಾಡುತ್ತಿದ್ದವು.

ಇಂಜಿನಿಯರ್ ಸಾಹೇಬರು ಕೆಳಗಿನಿಂದ ಕೂಗಿದರು. “ಇಳಿಯಯ್ಯಾ! ಕಲ್ಲು ಒಡೆಯೋದು ಇಲಾಖೆ ಕೆಲಸ. ಕಲ್ಲಿನ ಮಾತು ಕೇಳೋದಲ್ಲ.”

“ಹನ್ನೆರಡಕ್ಕೆ ಇಳೀತೀನಿ ಸಾರ್.”

“ಎತ್ತು ಕರು ಹಾಕ್ತು ಅಂದ್ರೆ ಕೊಟ್ಟಿಗೇಲಿ ಕಟ್ಟೋ ಕೋರ್ಟು, ಅದನ್ನ ನಂಬ್ಕೊಂಡು ಇವನು! ಮೇಸ್ತ್ರಿ, ಇಳಿಸು ಅವನನ್ನ.”

ಮೇಸ್ತ್ರಿ ಎರಡಾಳಿನ ಗಾತ್ರದವನು. ಕುಳಿಗೆ ಮದ್ದು ಜಡಿಯುವ ಮರದ ಕೋಲು ಹಿಡಿದು ಅಂಚಿಗೆ ಬಂದ. “ಬತ್ತಿ ಹಚ್ಚಕ್ಕೆ ನಿನ್ನಂಥ ದೊಣ್ಣೆನಾಯಕನ ಅಪ್ಪಣೆ ಬೇಕೇನೋ?” ಎಂದು ಬೀಸಿದ. ಮೊದಲ ಏಟಿಗೆ ಕಿವಿಯಣ್ಣನ ಎಡಭುಜ ಜೋತುಬಿತ್ತು. ಎರಡನೆಯದು ಪಕ್ಕೆಗೆ. ಕಿವಿಯಣ್ಣ ಎದ್ದು ಓಡಲಿಲ್ಲ; ಕೂತಲ್ಲಿಂದಲೇ ಮೇಸ್ತ್ರಿಯ ಕಾಲನ್ನು ತಬ್ಬಿ ಮೀನಖಂಡಕ್ಕೆ ಹಲ್ಲು ಊರಿದ. ಒಂದು ಹಲ್ಲು ಕಮ್ಮಿಯಿದ್ದರೂ ಉಳಿದವು ಸಾಕಾದವು. ಬಾಯಿಗೆ ಉಪ್ಪಿನ ಬಿಸಿ ಬಂತು. ಮೇಸ್ತ್ರಿ ಅರಚುತ್ತ ಕೋಲಿನ ಬುಡದಿಂದ ಅವನ ತಲೆಯ ಬಲಗಡೆಗೆ ಹೊಡೆದ. ಕಿವಿಯೊಳಗೆ ಏನೋ ಒದ್ದೆಬಟ್ಟೆಯಂತೆ ಹರಿಯಿತು. ಮತ್ತೆ ಹೊಡೆದ, ಈ ಸಲ ಎಡಗಡೆಗೆ. ಅಲ್ಲಿಗೆ ಲೋಕದ ಸದ್ದೆಲ್ಲ ನೀರಿನ ತಳಕ್ಕೆ ಹೋಯಿತು.

ಆದರೂ ಅವನು ಕಾಲು ಬಿಡಲಿಲ್ಲ. ಇಬ್ಬರೂ ಹೊರಳಾಡಿದರು. ಅಂಚಿನಿಂದ ಕಲ್ಲುಗಳು ಉದುರಿದವು. ಮೇಸ್ತ್ರಿಯ ಹೆಬ್ಬೆರಳು ಅವನ ಕಣ್ಣಿಗೆ ಬಂತು. ಕಿವಿಯಣ್ಣ ಕೈಗೆ ಸಿಕ್ಕ ಕಲ್ಲಿನಿಂದ ಆ ಕೈಯನ್ನು ಬಂಡೆಗಿಟ್ಟು ಜಜ್ಜಿದ. ಒಂದಲ್ಲ, ಮೂರು ಸಲ. ಮೂರನೆಯ ಸಲ ಬೇಕಿರಲಿಲ್ಲ. ಅದು ಅವನಿಗೆ ಆಮೇಲೂ ನೆನಪಿತ್ತು: ಮೂರನೆಯದನ್ನು ಹೊಡೆದದ್ದು ಗೋಡೆಗಾಗಿ ಅಲ್ಲ.

ಕೆಳಗೆ ಏನಾಯಿತೆಂದು ಅಕ್ಕ ನಂತರ ಬರೆದು ತೋರಿಸಿದಳು. ಅವಳು ಭಾವನನ್ನು ತೋಳು ಹಿಡಿದು ಕ್ವಾರಿಗೆ ಕರೆತಂದಳು. ಡ್ರಿಲ್ಲರುಗಳು ಎರಡು ವರ್ಷದಿಂದ ಅವನನ್ನು ನೋಡಿರಲಿಲ್ಲ. ದಾರಿ ಬಿಟ್ಟರು. “ತಡೀರೋ ಅವನನ್ನ!” ಎಂದರು ಸಾಹೇಬರು, ಯಾರೂ ತಡೆಯಲಿಲ್ಲ. ಮುಟ್ಟುವುದಕ್ಕೆ ಎಲ್ಲಿ ಹಿಡಿಯಬೇಕೆಂದೇ ಯಾರಿಗೂ ತಿಳಿಯಲಿಲ್ಲ. ಭಾವ ನಡೆದು ಬಂದು ಬತ್ತಿಗಳು ಬೆನ್ನಿಗೆ ತಾಗುವಂತೆ ಗೋಡೆಗೆ ಒರಗಿ ನಿಂತ. ಮೇಲಿನ ಏಟುಗಳ ಸದ್ದಿಗೆ ಮುಖವೆತ್ತಿದ.

“ಮೇಸ್ತ್ರೀ! ಅವನನ್ನ ಹೊಡೆಯೋ ಸರದಿ ನನ್ನದು. ನಡುವೆ ನುಗ್ಗಬೇಡ!”

ಡ್ರಿಲ್ಲರುಗಳಲ್ಲಿ ಒಬ್ಬ ನಕ್ಕುಬಿಟ್ಟ. ಸೈಕಲ್ಲಿನವನು ಹೋಗಿ ಕಂಪ್ರೆಸರ್ ಆರಿಸಿದ. ಆ ಮೌನದಲ್ಲಿ ಮೇಸ್ತ್ರಿಯ ನರಳಾಟ ಎಲ್ಲರಿಗೂ ಸ್ಪಷ್ಟವಾಗಿ ಕೇಳಿತು. ನಾಲ್ವರು ಮೇಲೆ ಹತ್ತಿ ಇಬ್ಬರನ್ನೂ ಬಿಡಿಸಿದರು. ಮೇಸ್ತ್ರಿಯನ್ನು ಇಳಿಸಿದರು, ಕಿವಿಯಣ್ಣ ಇಳಿಯಲು ಒಪ್ಪಲಿಲ್ಲ. ಸಾಹೇಬರು ಕಾರಿನಲ್ಲಿ ಕೂತು ಫೋನು ಹಿಡಿದರು. ಹನ್ನೊಂದೂ ಮುಕ್ಕಾಲಿಗೆ ವಕೀಲೆಯ ಜೊತೆ ಕಮಿಷನರ ಕಾರು ಬಂತು.

ವಯಸ್ಸಾದ ಆ ವಕೀಲರು ನಲವತ್ತು ಬತ್ತಿಗಳನ್ನೂ, ಅವುಗಳಿಗೆ ಒರಗಿ ನಿಂತ ಕಣ್ಣಿಲ್ಲದ ಮನುಷ್ಯನನ್ನೂ, ಮೇಲಿನ ಅಂಚಿನಿಂದ ತೊಟ್ಟಿಕ್ಕುವ ರಕ್ತವನ್ನೂ ನೋಡಿದರು. “ಇದನ್ನೂ ವರದಿಯಲ್ಲಿ ಬರೀತೀನಿ” ಎಂದಷ್ಟೇ ಸಾಹೇಬರಿಗೆ ಹೇಳಿದರು. ಗೋಡೆಯ ಬತ್ತಿಗಳನ್ನು ತೆಗೆಸಿ, ತೆಂಕು ಮೂಲೆಯಲ್ಲಿ ಒಂದೇ ಒಂದು ಕುಳಿ ತುಂಬಿಸಿದರು.

ಕಿವಿಯಣ್ಣನನ್ನು ಇಬ್ಬರು ಹೊತ್ತು ತಂದು ಮರೆಗೂಡಿನ ಮೂಲೆಯಲ್ಲಿ ಕೂರಿಸಿದರು. ಗೂಡಿನಲ್ಲಿ ಕಮಿಷನರು, ವಕೀಲೆ, ಭಾವ, ಅಕ್ಕ, ಸಾಹೇಬರು. ಹರಳು ಹಿಡಿಯಬೇಕಾದದ್ದು ಕಿವಿಯಣ್ಣನ ಕೆಲಸ. ಅಕ್ಕ ಅವನ ಮುಂದೆ ಕೂತು ಏನೋ ಹೇಳಿದಳು. ಅವಳ ತುಟಿ ಅಲುಗುವುದು ಕಂಡಿತು. ಅವನು ತಲೆಯಲ್ಲಾಡಿಸಿ ಎರಡು ಕಿವಿಗಳನ್ನೂ ಮುಟ್ಟಿ ತೋರಿಸಿದ. ಬೆರಳಿಗೆ ರಕ್ತ ಬಂತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಭಾವನಿಗೆ ಹೇಳಿರಬೇಕು. ಭಾವನ ಮುಖ ಅವನತ್ತ ತಿರುಗಿ ಅಲ್ಲೇ ನಿಂತಿತು.

ಕಿವಿಯಣ್ಣ ನೆಲದಿಂದ ಒಂದು ಹರಳು ಆಯ್ದು ಕಮಿಷನರ ಎಡಗೈಯಲ್ಲಿಟ್ಟ. ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ತನ್ನ ದನಿ ತನಗೇ ಕೇಳದೆ, ಎಷ್ಟು ಜೋರಾಗಿದೆಯೋ ತಿಳಿಯದೆ, “ಕಣ್ಣು ಮುಚ್ಚಿ ಸಾರ್. ಒಂದು ಸದ್ದಿಗೆ ಒಂದು ಸಲ ಕೈ ಬಿಚ್ಚಿ. ಯೋಚನೆ ಮಾಡ್ಬೇಡಿ” ಎಂದ.

ಆಮೇಲೆ ಆ ಮುದಿ ಮುಷ್ಟಿಯನ್ನೇ ನೋಡುತ್ತ ಕೂತ. ಹತ್ತೊಂಬತ್ತು ವರ್ಷದಲ್ಲಿ ಅವನು ಒಂದು ಸಿಡಿತವನ್ನೂ ಕಣ್ಣಿನಿಂದ ಎಣಿಸಿರಲಿಲ್ಲ.

ನೆಲ ನಡುಗಿದ್ದು ಕುಂಡೆಗೆ ತಿಳಿಯಿತು. ಗೂಡಿನ ತಗಡಿನಿಂದ ಧೂಳು ಉದುರಿತು. ಕಮಿಷನರ ಬೆರಳುಗಳು ಬಿಚ್ಚಿಕೊಂಡವು. ಹರಳು ನೆಲಕ್ಕೆ ಬಿತ್ತು. ಬೆರಳುಗಳು ಮತ್ತೆ ಮುಚ್ಚಿಕೊಂಡವು.

ಕಿವಿಯಣ್ಣ ಉಸಿರು ಹಿಡಿದ. ಮುಕ್ಕಾಲು ಸೆಕೆಂಡು ಇಷ್ಟು ಉದ್ದವೆಂದು ಅವನಿಗೆ ಗೊತ್ತಿರಲಿಲ್ಲ.

ಕಮಿಷನರ ಬೆರಳುಗಳು ಇನ್ನೊಂದು ಸಲ ಬಿಚ್ಚಿಕೊಂಡವು.

ಅವರು ಕಣ್ಣು ತೆರೆದು ಏನೂ ಇಲ್ಲದ ಅಂಗೈಯನ್ನು ನೋಡಿದರು. ಅದನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಸಾಹೇಬರು ಎದುರಿನ ಗೋಡೆಯತ್ತ ತಿರುಗಿದರು. ಅವರಿಗೂ ಕೇಳಿತ್ತು.

ಭಾವ ಮೊಂಡುತೋಳು ಚಾಚಿ, ತಡಕಾಡಿ, ಕಿವಿಯಣ್ಣನ ಭುಜ ಹಿಡಿದುಕೊಂಡ. ಹಿಡಿಯಲು ಬೆರಳಿಲ್ಲದ್ದರಿಂದ ಎರಡೂ ತೋಳಿನ ನಡುವೆ ಒತ್ತಿ ಹಿಡಿದ. ಮುರಿದ ಭುಜ ಅದು; ನೋವಿಗೆ ಕಿವಿಯಣ್ಣನ ಕಣ್ಣು ಕತ್ತಲಿಟ್ಟಿತು. ಹೊಡೆಯುತ್ತಾನೆಂದು ಮುಖ ಮುಂದೆ ಮಾಡಿದ. ಭಾವ ಹೊಡೆಯಲಿಲ್ಲ. ಅವನ ಸತ್ತ ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳಿದ.

ಬಿಸಿಯುಸಿರು ಎರಡು ಸಲ ತಾಗಿತು. ಕಿವಿಯಣ್ಣ ಅದನ್ನೇ ಎಣಿಸಿಕೊಂಡ.